ಬೆಂಗಳೂರು ವಲಯದ ಬೇಡಿಕೆಯ ವೃತ್ತಿಗಳು

ಬೆಂಗಳೂರು ನಗರದಲ್ಲೂ ಅದರ ಆಸುಪಾಸಿನ ದೇವನಹಳ್ಳಿ, ದೊಡ್ಡಬಳ್ಳಾಪುರ, ಬಿಡದಿ, ನರಸಾಪುರ, ತುಮಕೂರು ಕಡೆಯ ಕೈಗಾರಿಕಾ ಪ್ರದೇಶಗಳಲ್ಲೂ ಜನ ಸಿಗದೆ ಕಂಪನಿಗಳೇ ಹುಡುಕಾಡುವ, ಒಳ್ಳೆಯ ಸಂಬಳದ ಉದ್ಯೋಗಗಳು. ಹೊರಗಿನವರು ಇವೆಲ್ಲವನ್ನೂ ‘ಐಟಿ ಕೆಲಸ’ ಎಂದು ಒಟ್ಟಿಗೆ ಕರೆದುಬಿಡುವುದುಂಟು. ಆದರೆ ಸಾಫ್ಟ್‌ವೇರ್ ಸೇವಾ ಕಂಪನಿಗಳು ಹೊಸಬರಿಗೆ 2010ರ ಸುಮಾರಿಗೆ ವರ್ಷಕ್ಕೆ ಮೂರು–ಮೂರೂವರೆ ಲಕ್ಷ ರೂಪಾಯಿ ಕೊಡುತ್ತಿದ್ದವು. ಇಂದಿಗೂ ಬಹುಪಾಲು ಆರಂಭಿಕ ಹುದ್ದೆಗಳು ಆ ಮೊತ್ತದ ಆಸುಪಾಸಿನಲ್ಲೇ ಇವೆ. ಈ ನಡುವೆ ಮನೆ ಬಾಡಿಗೆ ಎಷ್ಟು ಏರಿದೆ ಎಂಬುದನ್ನು ಪಿಜಿಯಲ್ಲಿರುವ ಯಾರನ್ನು ಕೇಳಿದರೂ ತಿಳಿಯುತ್ತದೆ. ಸಂಬಳ ನಿಜವಾಗಿ ಏರಿರುವುದು ಬೇರೆಡೆ: ಚಿಪ್ ವಿನ್ಯಾಸ, ಬಹುರಾಷ್ಟ್ರೀಯ ಕಂಪನಿಗಳ ಜಾಗತಿಕ ಸಾಮರ್ಥ್ಯ ಕೇಂದ್ರಗಳು, ವಿಮಾನ ನಿರ್ವಹಣೆ, ನಿಖರ ಯಂತ್ರೋಪಕರಣ. ಒಂದು ತಪ್ಪಿನಿಂದ ಆಗುವ ನಷ್ಟ ದೊಡ್ಡದಾಗಿರುವುದು, ಕೈ ಪಳಗಲು ವರ್ಷಗಳೇ ಬೇಕಾಗುವುದು ಇವೆಲ್ಲಕ್ಕೂ ಸಾಮಾನ್ಯ ಲಕ್ಷಣ. ಡಿಗ್ರಿಯ ಹೆಸರಿಗಿಂತ ಈ ಎರಡು ಸಂಗತಿಗಳೇ ಸಂಬಳವನ್ನು ಹೆಚ್ಚು ನಿರ್ಧರಿಸುತ್ತವೆ.

ಹಿನ್ನೆಲೆ

ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಕಟ್ಟಿದರು. ಅದೇ ಇಂದಿನ ಎಚ್‌ಎಎಲ್. ಸ್ವಾತಂತ್ರ್ಯದ ನಂತರ ಸರ್ಕಾರಿ ಕಾರ್ಖಾನೆಗಳಾದ ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954), ಬಿಇಎಂಎಲ್ (1964) ಒಂದರ ಹಿಂದೊಂದು ಬಂದವು. ಜಾಲಹಳ್ಳಿ, ದೂರವಾಣಿನಗರಗಳಲ್ಲಿ ‘ಫ್ಯಾಕ್ಟರಿ ಕೆಲಸ’ ಎಂದರೆ ಕ್ವಾರ್ಟರ್ಸು, ಕ್ಯಾಂಟೀನ್ ಊಟ, ಬೆಳಗಿನ ಸೈರನ್ನು, ಮದುವೆ ಮಾತುಕತೆಯಲ್ಲಿ ಒಂದು ತೂಕ. ಈ ಕಾರ್ಖಾನೆಗಳು ಬೆಳೆಸಿದ ಫಿಟ್ಟರ್, ಟರ್ನರ್, ಮೆಷಿನಿಸ್ಟರ ಪೀಳಿಗೆಯಿಂದಲೇ ಪೀಣ್ಯದ ಎಷ್ಟೋ ಸಣ್ಣ ವರ್ಕ್‌ಶಾಪುಗಳು ಹುಟ್ಟಿದವು.

ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ಹೊಸೂರು ರಸ್ತೆಯ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಆರಂಭಿಸಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ನಗರಕ್ಕೆ ಬಂದು ಸಾಫ್ಟ್‌ವೇರ್ ಮತ್ತು ಚಿಪ್ ವಿನ್ಯಾಸದ ಕೇಂದ್ರ ತೆರೆಯಿತು. ಇಲ್ಲಿ ಸಂಶೋಧನಾ ಕೇಂದ್ರ ಸ್ಥಾಪಿಸಿದ ಮೊದಲ ದೊಡ್ಡ ಬಹುರಾಷ್ಟ್ರೀಯ ಕಂಪನಿ ಅದು. ಕರ್ನಾಟಕ 1997ರಲ್ಲಿ ತನ್ನದೇ ಐಟಿ ನೀತಿ ಪ್ರಕಟಿಸಿತು. ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಇಲ್ಲಿ ಬಿಡಬಹುದು.

ಚಿಪ್ ವಿನ್ಯಾಸ ಮತ್ತು ವೆರಿಫಿಕೇಶನ್

ಜಗತ್ತಿನ ಚಿಪ್ ವಿನ್ಯಾಸ ಎಂಜಿನಿಯರುಗಳಲ್ಲಿ ಸುಮಾರು ಶೇ. 20ರಷ್ಟು ಮಂದಿ ಭಾರತದಲ್ಲಿದ್ದಾರೆ ಎಂದು ಕೇಂದ್ರ ಸರ್ಕಾರ ಹೇಳುತ್ತದೆ. ಅವರ ಅತಿ ದೊಡ್ಡ ಬೀಡು ಬೆಂಗಳೂರು. ಇಂಟೆಲ್, ಕ್ವಾಲ್‌ಕಾಮ್, ಎನ್ವಿಡಿಯಾ, ಆರ್ಮ್ ಎಲ್ಲವೂ ಇಲ್ಲಿವೆ. ಎಎಂಡಿ ಕಂಪನಿ 2023ರ ನವೆಂಬರ್‌ನಲ್ಲಿ ಇಲ್ಲಿ ತೆರೆದ ಐದು ಲಕ್ಷ ಚದರಡಿಯ ಕ್ಯಾಂಪಸ್ಸನ್ನು ತನ್ನ ಜಾಗತಿಕ ವಿನ್ಯಾಸ ಕೇಂದ್ರಗಳಲ್ಲೇ ಅತಿ ದೊಡ್ಡದು ಎಂದು ಕರೆದುಕೊಂಡಿತು.

ಈ ಕ್ಷೇತ್ರಕ್ಕೆ ಬರಬಯಸುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಕಣ್ಣು ‘ಡಿಸೈನ್’ ಮೇಲೆ. ಆದರೆ ಹೆಚ್ಚು ಹುದ್ದೆಗಳಿರುವುದು ವೆರಿಫಿಕೇಶನ್‌ನಲ್ಲಿ. ವಿನ್ಯಾಸಕರು ಬರೆದ ಸರ್ಕ್ಯೂಟು ಹೇಳಿದಂತೆ ನಡೆಯುತ್ತದೆಯೇ ಎಂದು, ಅದು ಸಿಲಿಕಾನ್ ಆಗುವ ಮುನ್ನವೇ ಪರೀಕ್ಷಿಸುವ ಕೆಲಸ ಇದು. ಒಂದು ಸಂಕೀರ್ಣ ಚಿಪ್ಪಿನ ಯೋಜನೆಯಲ್ಲಿ ಅರ್ಧಕ್ಕೂ ಹೆಚ್ಚು ಶ್ರಮ ಇದಕ್ಕೇ ಹೋಗುತ್ತದೆ. ದಿನಚರಿ ಹೀಗಿರುತ್ತದೆ: ಸಿಸ್ಟಮ್ ವೆರಿಲಾಗ್ ಭಾಷೆಯಲ್ಲಿ ಪರೀಕ್ಷೆಗಳನ್ನು ಬರೆದು, ಸಂಜೆ ಮನೆಗೆ ಹೊರಡುವಾಗ ಸಾವಿರಾರು ಪರೀಕ್ಷೆಗಳನ್ನು ಒಟ್ಟಿಗೆ ಸರ್ವರುಗಳ ಮೇಲೆ ಓಡಲು ಬಿಡುತ್ತಾರೆ. ಇದಕ್ಕೆ ‘ರಿಗ್ರೆಶನ್’ ಎನ್ನುತ್ತಾರೆ. ಬೆಳಿಗ್ಗೆ ಬಂದವರು ಮೊದಲು ನೋಡುವುದು ಫೇಲಾದವುಗಳ ಪಟ್ಟಿ. ಫೇಲಾದ ಒಂದೊಂದರ ವೇವ್‌ಫಾರ್ಮ್ ತೆರೆದು, ಯಾವ ಗಡಿಯಾರ ಮಿಡಿತದಲ್ಲಿ ಯಾವ ಸಂಕೇತ ಅಡ್ಡದಾರಿ ಹಿಡಿಯಿತು ಎಂದು ಹಿಂದಕ್ಕೆ ಹುಡುಕುತ್ತ ಹೋಗಬೇಕು. ತಪ್ಪು ವಿನ್ಯಾಸದಲ್ಲಿದೆಯೋ ಪರೀಕ್ಷೆಯಲ್ಲೇ ಇದೆಯೋ ಎಂಬ ವಾದ ವಿನ್ಯಾಸಕರ ಜೊತೆ ಅರ್ಧ ದಿನ ನಡೆಯುವುದೂ ಉಂಟು. ವಿನ್ಯಾಸದ ಅಂತಿಮ ಕಡತ ತಯಾರಿಕಾ ಘಟಕಕ್ಕೆ ಹೋಗುವುದೇ ‘ಟೇಪೌಟ್’. ಅಲ್ಲಿಂದಾಚೆಗೆ ತಪ್ಪು ಸಿಕ್ಕರೆ ಚಿಪ್ ಮೂಡಿಸುವ ಅಚ್ಚುಪದರಗಳನ್ನು (ಮಾಸ್ಕ್) ಮತ್ತೆ ಮಾಡಿಸಬೇಕು. ಕೋಟಿಗಟ್ಟಲೆ ಹಣವೂ ತಿಂಗಳುಗಟ್ಟಲೆ ಸಮಯವೂ ಹೋಗುತ್ತದೆ.

ಆ ಭಯ ಏಕೆಂಬುದಕ್ಕೆ ಹಳೆಯ ಉದಾಹರಣೆಯೇ ಸಾಕು. ಇಂಟೆಲ್‌ನ ಪೆಂಟಿಯಂ ಪ್ರೊಸೆಸರಿನಲ್ಲಿ ಕೆಲವು ಭಾಗಾಕಾರಗಳ ಉತ್ತರ ತಪ್ಪಾಗಿ ಬರುತ್ತಿದ್ದುದು 1994ರಲ್ಲಿ ಬಯಲಾಯಿತು. ಕೋಷ್ಟಕವೊಂದರಲ್ಲಿ ಕೆಲವು ಮೌಲ್ಯಗಳು ಬಿಟ್ಟುಹೋಗಿದ್ದವು, ಅಷ್ಟೆ. ಚಿಪ್ಪುಗಳನ್ನು ಬದಲಿಸಿಕೊಡಲು ಕಂಪನಿ 47.5 ಕೋಟಿ ಡಾಲರ್ ನಷ್ಟ ತೋರಿಸಬೇಕಾಯಿತು. ಈ ಕ್ಷೇತ್ರದ ಹೊಸಬರಿಗೂ ಸೇವಾ ಕಂಪನಿಗಳ ಎರಡು–ಮೂರು ಪಟ್ಟು ಸಂಬಳ ಸಿಗುವುದರ ಹಿಂದೆ ಇಂಥ ಲೆಕ್ಕಾಚಾರವಿದೆ. ಎಲೆಕ್ಟ್ರಾನಿಕ್ಸ್ ಶಾಖೆಯಲ್ಲಿ ಓದಿಯೂ ಡಿಜಿಟಲ್ ಸರ್ಕ್ಯೂಟಿನ ಮೂಲಪಾಠ ಮರೆತು ಕೋಡಿಂಗ್ ಪರೀಕ್ಷೆಗೆ ಓಡುವ ಹುಡುಗರು ಇದನ್ನು ತಡವಾಗಿ ಗಮನಿಸುತ್ತಾರೆ.

ಜಾಗತಿಕ ಸಾಮರ್ಥ್ಯ ಕೇಂದ್ರಗಳು

‘ಜಿಸಿಸಿ’ ಎಂದೇ ಬಳಕೆಯಲ್ಲಿರುವ ಇವು ವಿದೇಶಿ ಬ್ಯಾಂಕು, ಚಿಲ್ಲರೆ ವ್ಯಾಪಾರ, ಔಷಧ, ವಾಹನ ಕಂಪನಿಗಳು ತಮ್ಮ ಕೆಲಸಕ್ಕಾಗಿ ತಾವೇ ನಡೆಸುವ ಕಚೇರಿಗಳು. ಜನರಲ್ ಎಲೆಕ್ಟ್ರಿಕ್ 2000ದಲ್ಲಿ ವೈಟ್‌ಫೀಲ್ಡಿನಲ್ಲಿ ತೆರೆದ ತಂತ್ರಜ್ಞಾನ ಕೇಂದ್ರ ಮೊದಲ ದೊಡ್ಡ ಮಾದರಿಗಳಲ್ಲೊಂದು. ಉದ್ಯಮ ಸಂಘಟನೆ ನಾಸ್ಕಾಂ ಮತ್ತು ಸಲಹಾ ಸಂಸ್ಥೆ ಜಿನ್ನೋವ್ 2024ರಲ್ಲಿ ಕೊಟ್ಟ ಲೆಕ್ಕದಂತೆ ದೇಶದಲ್ಲಿ 1,700ಕ್ಕೂ ಹೆಚ್ಚು ಇಂಥ ಕೇಂದ್ರಗಳಿದ್ದು, 19 ಲಕ್ಷ ಮಂದಿ ದುಡಿಯುತ್ತಾರೆ. ನಗರಗಳ ಪೈಕಿ ಬೆಂಗಳೂರಿಗೆ ಮೊದಲ ಸ್ಥಾನ. ಅದೇ ವರ್ಷ ರಾಜ್ಯ ಸರ್ಕಾರ ಪ್ರಕಟಿಸಿದ ಜಿಸಿಸಿ ನೀತಿಯಲ್ಲಿ 2029ರೊಳಗೆ ಇನ್ನೂ 500 ಕೇಂದ್ರಗಳನ್ನು ತರುವ, 3.5 ಲಕ್ಷ ಉದ್ಯೋಗ ಸೃಷ್ಟಿಸುವ ಗುರಿ ಇದೆ.

ಸೇವಾ ಕಂಪನಿಯಲ್ಲಿ ಗ್ರಾಹಕ ಹೇಳಿದಷ್ಟನ್ನು ಮಾಡಿ ಮುಗಿಸಿದರೆ ಸಾಕು. ಜಿಸಿಸಿಯಲ್ಲಿ ಬ್ಯಾಂಕಿನ ವಂಚನೆ ಪತ್ತೆ ವ್ಯವಸ್ಥೆ ನೋಡಿಕೊಳ್ಳುವವರಿಗೆ ಬ್ಯಾಂಕಿನ ವ್ಯವಹಾರವೂ ಅರ್ಥವಾಗಿರಬೇಕು. ಆದ್ದರಿಂದ ಸೈಬರ್ ಭದ್ರತೆ, ಕ್ಲೌಡ್, ಡೇಟಾ ಎಂಜಿನಿಯರಿಂಗ್, ಯಂತ್ರಕಲಿಕೆ ಬಲ್ಲವರ ಜೊತೆಗೆ ಚಾರ್ಟರ್ಡ್ ಅಕೌಂಟೆಂಟರಿಗೂ ಅಪಾಯ ವಿಶ್ಲೇಷಕರಿಗೂ ಬೇಡಿಕೆ ಇದೆ. ಬಹುಪಾಲು ಹುದ್ದೆಗಳು ನಾಲ್ಕೈದು ವರ್ಷ ಪಳಗಿದವರಿಗೆ. ಫ್ರೆಶರುಗಳಿಗೆ ಬಾಗಿಲು ಕಿರಿದು.

ಈ ವಲಯದ ಸಂಬಳದ ಮಾತು ಬಂದಾಗ ‘ಪ್ಯಾಕೇಜ್’ ಬಿಡಿಸಿ ನೋಡುವುದು ಒಳಿತು. ಹನ್ನೆರಡು ಲಕ್ಷದ ಆಫರ್ ಲೆಟರಿನಲ್ಲಿ ಕಂಪನಿ ಕಟ್ಟುವ ಭವಿಷ್ಯನಿಧಿ, ಮುಂದೆಂದೋ ಸಿಗುವ ಗ್ರಾಚುಯಿಟಿ, ಆರೋಗ್ಯ ವಿಮೆಯ ಕಂತು, ಸಾಧನೆ ನೋಡಿ ಕೊಡುವ ವೇರಿಯಬಲ್, ವರ್ಷದೊಳಗೆ ಕೆಲಸ ಬಿಟ್ಟರೆ ಹಿಂದಿರುಗಿಸಬೇಕಾದ ಜಾಯಿನಿಂಗ್ ಬೋನಸ್ ಎಲ್ಲವೂ ಸೇರಿರಬಹುದು. ಊರಲ್ಲಿ ‘ತಿಂಗಳಿಗೆ ಲಕ್ಷ’ ಎಂದು ಸುದ್ದಿಯಾದ ಹುಡುಗನ ಬ್ಯಾಂಕ್ ಖಾತೆಗೆ ಬೀಳುವ ಮೊತ್ತ ಅದಕ್ಕಿಂತ ಸಾಕಷ್ಟು ಕಡಿಮೆ. ಅನೇಕ ಕಂಪನಿಗಳಲ್ಲಿರುವ 90 ದಿನದ ನೋಟಿಸ್ ಪೀರಿಯಡ್ಡಿನಿಂದಾಗಿ ಕೈಯಲ್ಲಿ ಒಂದು ಆಫರ್ ಹಿಡಿದು ಇನ್ನೊಂದಕ್ಕೆ ಚೌಕಾಶಿ ಮಾಡುವ ಪದ್ಧತಿಯೂ ಬೆಳೆದಿದೆ.

ವಿಮಾನಯಾನ

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ 2008ರಲ್ಲಿ ಆರಂಭವಾದ ಮೇಲೆ ಈ ಕ್ಷೇತ್ರ ಎಚ್‌ಎಎಲ್‌ ಗೋಡೆ ದಾಟಿ ಹರಡಿತು. ಬೋಯಿಂಗ್ 2024ರ ಜನವರಿಯಲ್ಲಿ ಅಲ್ಲೇ ಸಮೀಪದ 43 ಎಕರೆಯಲ್ಲಿ 1,600 ಕೋಟಿ ರೂಪಾಯಿ ವೆಚ್ಚದ ಎಂಜಿನಿಯರಿಂಗ್ ಕೇಂದ್ರ ತೆರೆಯಿತು. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಬೇಡಿಕೆ ಸಲ್ಲಿಸಿದವು. ವಿಮಾನಗಳು ಬಂದಂತೆಲ್ಲ ಅವುಗಳನ್ನು ನೋಡಿಕೊಳ್ಳುವವರು ಬೇಕು.

ಇಲ್ಲಿ ಸಂಬಳವಿರುವುದು ಸಹಿಯಲ್ಲಿ. ದುರಸ್ತಿಯಾದ ವಿಮಾನ ಹಾರಲು ಯೋಗ್ಯ ಎಂದು ದೃಢೀಕರಿಸುವ ಅಧಿಕಾರ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪರವಾನಗಿ ಪಡೆದ ನಿರ್ವಹಣಾ ಎಂಜಿನಿಯರಿಗೆ ಮಾತ್ರ. ಎಂಜಿನ್ ಮತ್ತು ಯಾಂತ್ರಿಕ ಭಾಗಗಳಿಗೆ ಬಿ1, ವಿದ್ಯುನ್ಮಾನ ವ್ಯವಸ್ಥೆಗಳಿಗೆ ಬಿ2 ಎಂಬ ವರ್ಗಗಳಿವೆ. ಪರೀಕ್ಷೆಗಳೆಲ್ಲ ಪಾಸಾಗಿ, ಹ್ಯಾಂಗರಿನಲ್ಲಿ ನಿಗದಿತ ಅನುಭವ ಪಡೆದು, ಆಯಾ ಮಾದರಿಯ ವಿಮಾನಕ್ಕೆ ಪ್ರತ್ಯೇಕ ತರಬೇತಿ ಮುಗಿಸಿದ ಮೇಲಷ್ಟೇ ಆ ಸಹಿಗೆ ಬೆಲೆ. ಕೋರ್ಸ್ ಮುಗಿಸಿಯೂ ಪರವಾನಗಿ ಕೈಗೆ ಬಾರದೆ ಸಹಾಯಕರಾಗಿಯೇ ಉಳಿದವರು ಅನೇಕರು. ಖಾಸಗಿ ತರಬೇತಿ ಸಂಸ್ಥೆಗಳ ಜಾಹೀರಾತುಗಳು ಈ ಭಾಗವನ್ನು ಸಣ್ಣಕ್ಷರದಲ್ಲಿ ಮುಗಿಸುತ್ತವೆ.

ಅಚ್ಚು ಮತ್ತು ನಿಖರ ಯಂತ್ರೋಪಕರಣ

ಇವುಗಳಲ್ಲಿ ಎಸ್ಸೆಸ್ಸೆಲ್ಸಿ ನಂತರವೇ ಹಿಡಿಯಬಹುದಾದ ದಾರಿ ಇದೊಂದೇ ಆದರೂ ಮಧ್ಯಮವರ್ಗ ಇದನ್ನು ಕೀಳಂದಾಜು ಮಾಡುತ್ತ ಬಂದಿದೆ. ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇಂದು ರಾಜ್ಯದಾದ್ಯಂತ 30ಕ್ಕೂ ಹೆಚ್ಚು ಕಡೆ ಇದೆ. ಇದರ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮೂರು ವರ್ಷ ಪಾಠ, ಒಂದು ವರ್ಷ ಕಾರ್ಖಾನೆ ತರಬೇತಿಯದು. ಕೇರಳದ ತಲಶ್ಶೇರಿಯ ನೆಟ್ಟೂರಿನಲ್ಲಿ 1959ರಲ್ಲಿ ಹುಟ್ಟಿದ ತರಬೇತಿ ಸಂಸ್ಥೆ ಎನ್‌ಟಿಟಿಎಫ್ ಕೂಡ ಪೀಣ್ಯದಿಂದ ಇದೇ ಕೆಲಸ ಮಾಡುತ್ತಿದೆ. ಟೊಯೊಟಾ 2007ರಲ್ಲಿ ಬಿಡದಿಯಲ್ಲಿ ತೆರೆದ ತಾಂತ್ರಿಕ ತರಬೇತಿ ಸಂಸ್ಥೆ ರಾಜ್ಯದ ಹಳ್ಳಿಗಾಡಿನ ಮಕ್ಕಳನ್ನು ಆರಿಸಿ, ಊಟ–ವಸತಿ ಕೊಟ್ಟು ಕಲಿಸುತ್ತದೆ.

ಪ್ಲಾಸ್ಟಿಕ್ ಡಬ್ಬಿಯಿಂದ ಹಿಡಿದು ಮೊಬೈಲ್ ಕವಚದವರೆಗೆ ಎಲ್ಲವೂ ಅಚ್ಚಿನಿಂದ ಬರುತ್ತವೆ. ಅಚ್ಚಿನ ಎರಡು ಹೋಳುಗಳು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ನಿಖರವಾಗಿ ಕೂಡಬೇಕು. ಸಂದು ಹೆಚ್ಚಾದರೆ ಕರಗಿದ ಪ್ಲಾಸ್ಟಿಕ್ ಅಲ್ಲಿಂದ ನುಸುಳಿ ಅಂಚಿನಲ್ಲಿ ತೆಳು ಪೊರೆ ಮೂಡುತ್ತದೆ, ಮಾಲು ತಿರಸ್ಕೃತವಾಗುತ್ತದೆ. ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರ ಕಡೆದ ಮೇಲೂ ಅನುಭವಿ ಕೆಲಸಗಾರ ಒಂದು ಹೋಳಿಗೆ ನೀಲಿ ಬಣ್ಣ ಸವರಿ, ಇನ್ನೊಂದನ್ನು ಒತ್ತಿ, ಎಲ್ಲಿ ಬಣ್ಣ ಅಂಟಿತು ಎಂದು ನೋಡಿ, ಉಬ್ಬಿದ ಕಡೆ ಕಲ್ಲಿನಿಂದ ತಿಕ್ಕುತ್ತಾನೆ. ಮತ್ತೆ ಒತ್ತುತ್ತಾನೆ, ಮತ್ತೆ ತಿಕ್ಕುತ್ತಾನೆ. ಮೊದಲ ಎರಡು ಮೂರು ವರ್ಷ ಸಂಬಳ ಸಾಧಾರಣವೇ. ಆಮೇಲೆ ವಿನ್ಯಾಸ ಸಾಫ್ಟ್‌ವೇರ್ ಕಲಿತು, ಅಚ್ಚನ್ನು ಆರಂಭದಿಂದ ಕೊನೆಯವರೆಗೆ ತಾನೇ ನಿಭಾಯಿಸಬಲ್ಲವನು ಸಾಮಾನ್ಯ ಎಂಜಿನಿಯರಿಂಗ್ ಪದವೀಧರನನ್ನು ಹಿಂದಿಕ್ಕುವುದು ಅಪರೂಪವೇನಲ್ಲ. ಬೆಳಗಾವಿ ಸಮೀಪದ ಹತ್ತರಗಿಯಲ್ಲಿ ಏಕಸ್ ಕಂಪನಿ ಕಟ್ಟಿದ ವಿಮಾನ ಬಿಡಿಭಾಗಗಳ ವಿಶೇಷ ಆರ್ಥಿಕ ವಲಯದಿಂದ ಇಂಥ ಕೆಲಸ ಬೆಂಗಳೂರಿನ ಆಚೆಗೂ ಹೋಗಿದೆ.

ಇದೇ ವಲಯದ ಎಲ್ಲ ಕಾರ್ಖಾನೆ ಕೆಲಸವೂ ಒಳ್ಳೆಯ ಸಂಬಳದ್ದಲ್ಲ. ನರಸಾಪುರದ ಐಫೋನ್ ಜೋಡಣಾ ಘಟಕದಲ್ಲಿ, ಅದು ವಿಸ್ಟ್ರಾನ್ ಕೈಯಲ್ಲಿದ್ದಾಗ, ವೇತನದ ದೂರಿನಿಂದ 2020ರ ಡಿಸೆಂಬರ್‌ನಲ್ಲಿ ಗಲಭೆಯೇ ನಡೆಯಿತು. 2023ರಲ್ಲಿ ಅದನ್ನು ಟಾಟಾ ಎಲೆಕ್ಟ್ರಾನಿಕ್ಸ್ ಕೊಂಡುಕೊಂಡಿತು. ಜೋಡಣೆ ಸಾಲಿನ ಕೆಲಸವನ್ನು ಕೆಲವೇ ದಿನಗಳಲ್ಲಿ ಕಲಿಸಬಹುದು, ಆದ್ದರಿಂದ ಅಲ್ಲಿ ದುಡಿಯುವವರಿಗೆ ಚೌಕಾಶಿಯ ಬಲ ಕಡಿಮೆ.

ಸ್ಥಳೀಯರ ಪಾಲು

ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಎಂಬ ಬೇಡಿಕೆಗೆ ಇಲ್ಲಿ ದೀರ್ಘ ಇತಿಹಾಸವಿದೆ. ರಾಮಕೃಷ್ಣ ಹೆಗಡೆ ಸರ್ಕಾರ 1983ರಲ್ಲಿ ನೇಮಿಸಿದ ಸರೋಜಿನಿ ಮಹಿಷಿ ಸಮಿತಿಯ ಶಿಫಾರಸುಗಳು ಇಂದಿಗೂ ಪ್ರತಿ ಚರ್ಚೆಯಲ್ಲೂ ಮೇಲೇಳುತ್ತವೆ. ಖಾಸಗಿ ಸಂಸ್ಥೆಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಇತರ ಹುದ್ದೆಗಳಲ್ಲಿ ಶೇ. 70 ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ 2024ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಗಳ ವಿರೋಧ ಬಂದದ್ದೇ ತಡ, ಕೆಲವೇ ದಿನಗಳಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು. ಅದೇ ವರ್ಷದ ಜನವರಿಯಿಂದ ‘ಯುವನಿಧಿ’ ಯೋಜನೆಯಡಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ ಕೊಡಲಾಗುತ್ತಿದೆ. ಕಂಪನಿಗಳು ಜನ ಸಿಗುತ್ತಿಲ್ಲ ಎನ್ನುವುದೂ ಪದವೀಧರರು ಕೆಲಸ ಸಿಗುತ್ತಿಲ್ಲ ಎನ್ನುವುದೂ ಒಂದೇ ಜಿಲ್ಲೆಯಲ್ಲಿ ಒಟ್ಟಿಗೆ ಕೇಳಿಬರುತ್ತದೆ, ಎರಡೂ ನಿಜ. ಮೀಸಲಾತಿಯ ಚರ್ಚೆ ನಡೆಯುವುದು ಶೇಕಡಾವಾರಿನ ಸುತ್ತ. ಕೊರತೆ ಇರುವುದು ಸಿಸ್ಟಮ್ ವೆರಿಲಾಗ್ ಕಲಿಸುವ ಅಧ್ಯಾಪಕರಲ್ಲಿ, ಕಾಲೇಜಿನ ಲ್ಯಾಬಿನಲ್ಲಿ, ಬಿ1 ಪರವಾನಗಿಗೆ ಬೇಕಾದ ಹ್ಯಾಂಗರ್ ಅನುಭವ ಕೊಡುವ ಜಾಗಗಳಲ್ಲಿ.