ಪುಟ್ಟು, ಪುಟೊ ಮತ್ತು ನಮ್ಮಮ್ಮನ ಹಿಟ್ಟು

ಕಾಸಿಮೇಡು ಅಂದರೆ ಚೆನ್ನೈನ ಮೀನು ಬಂದರು. ಅಲ್ಲಿಗೆ ಹತ್ತಿರದ ಶಾಖೆಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಗಿರಾಕಿಯೊಬ್ಬರ ಮಗ ಹಡಗಿನಲ್ಲಿ ನೌಕರಿಯಲ್ಲಿದ್ದ. ರಜೆಗೆ ಬಂದವನು ಒಮ್ಮೆ, "ಸಾರ್, ಫಿಲಿಪೀನ್ಸಿನವರೂ ಪುಟ್ಟು ತಿಂತಾರೆ, ಪುಟೊ ಅಂತಾರೆ" ಅಂದ. ನಕ್ಕುಬಿಟ್ಟೆ. ಮೊಬೈಲಿನಲ್ಲಿ ಫೋಟೋ ತೋರಿಸಿದ. ಬಿದಿರಿನ ಕೊಳವೆ, ಹಬೆ, ಮೇಲೆ ತೆಂಗಿನ ತುರಿ! ನಗು ನಿಂತಿತು.

ಅದರ ಪೂರ್ತಿ ಹೆಸರು ಪುಟೊ ಬುಂಬೊಂಗ್. ತಗಾಲೊಗ್ ಭಾಷೆಯಲ್ಲಿ ಬುಂಬೊಂಗ್ ಎಂದರೆ ಬಿದಿರ ಕೊಳವೆ. ಡಿಸೆಂಬರ್ 16ರಿಂದ 24ರವರೆಗೆ ಬೆಳಗಿನ ಜಾವದ ಪ್ರಾರ್ಥನೆ ಮುಗಿಸಿ ಬರುವವರಿಗೆ ಚರ್ಚುಗಳ ಹೊರಗೆ ಬಿಸಿಬಿಸಿಯಾಗಿ ಮಾರುತ್ತಾರೆ. ಇನ್ನು ಬರೀ ಪುಟೊ ಎಂದರೆ ನಮ್ಮ ಇಡ್ಲಿಯ ತಮ್ಮನಂಥ ಅಕ್ಕಿ ತಿಂಡಿ. ತಮಾಷೆಯೆಂದರೆ ಸ್ಪ್ಯಾನಿಷ್‌ನಲ್ಲಿ ಪುಟೊ ಎನ್ನುವುದು ಬೈಗುಳ. 1565ರಿಂದ 1898ರವರೆಗೆ ಸ್ಪೇನಿನವರು ಆಳಿದರೂ ತಿಂಡಿಯ ಹೆಸರು ಮಾತ್ರ ಬದಲಾಗಲಿಲ್ಲ.

ಹಾಗಾದರೆ ಹೆಸರು ಎಲ್ಲಿಂದ ಬಂತು? ಮಲಯ ಭಾಷೆಯ 'ಪುಟು'ವಿನಿಂದ, ಅದು ತಮಿಳಿನ 'ಪುಟ್ಟು'ವಿನಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇಂಡೋನೇಷ್ಯಾ, ಮಲೇಷ್ಯಾಗಳಲ್ಲಿ ಇಂದಿಗೂ ಬಿದಿರಿನಲ್ಲಿ ಬೇಯಿಸಿದ ಪುಟು ಸಿಗುತ್ತದೆ. ಮಲಯ ಭಾಷೆ ಫಿಲಿಪೀನ್ಸ್ ತಲುಪಿದ್ದು ಬಹಳ ಹಿಂದೆಯೇ. 1989ರಲ್ಲಿ ಲಗುನಾ ಎಂಬಲ್ಲಿ ಸಿಕ್ಕ ಕ್ರಿ.ಶ. 900ರ ತಾಮ್ರಪಟದ ಭಾಷೆ ಹಳೆಯ ಮಲಯ, ನಡುವೆ ಸಂಸ್ಕೃತ ಪದಗಳು.

ತಮಿಳಿನಲ್ಲಿ ಪುಟ್ಟುವಿಗೆ ಪಿಟ್ಟು ಎಂಬ ರೂಪವೂ ಇದೆ. ಮದುರೆಯಲ್ಲಿ ಶಿವ ವಂದಿ ಎಂಬ ಮುದುಕಿಯ ಪಿಟ್ಟಿಗಾಗಿ ಮಣ್ಣು ಹೊತ್ತ ಕಥೆಯ ಉತ್ಸವ ಪ್ರತಿವರ್ಷ ನಡೆಯುತ್ತದೆ. ಇಲ್ಲಿ ಬೀದಿಯಲ್ಲಿ 'ಪಿಳ್ಳೈ' ಎನ್ನುವುದು 'ಪುಳ್ಳ' ಆಗುವಂತೆಯೇ ಪಿಟ್ಟು ಪುಟ್ಟು ಆಗಿದೆ. ಹಳಗನ್ನಡದ ಪಾಲು ಹಾಲಾಗಿ, ಪುಲಿ ಹುಲಿಯಾದಂತೆ ಪಿಟ್ಟು ನಮ್ಮಲ್ಲಿ ಹಿಟ್ಟಾಯಿತು. ಮೂಲ ಸಂಸ್ಕೃತದ 'ಪಿಷ್ಟ' ಎನ್ನುವ ಪಂಡಿತರೂ ಇದ್ದಾರೆ. ಏನೇ ಆಗಲಿ, ಒಂದೇ ಮನೆತನ.

ಇದನ್ನೆಲ್ಲ ಓದುವಾಗ ನೆನಪಾದದ್ದು ಅಮ್ಮ. ಮಗಳು ಹುಟ್ಟಿದಾಗ ಮಂಡ್ಯದಿಂದ ಬಂದಿದ್ದರು. ತಮಿಳು ಒಂದಕ್ಷರ ಬಾರದು. ಕಾಸಿಮೇಡಿನಲ್ಲಿ ಹುಟ್ಟಿ ಬೆಳೆದ ಪಕ್ಕದ ಮನೆಯಾಕೆ ಬಾಣಂತಿಗೆಂದು 'ಸುರಾ ಪುಟ್ಟು' ತಂದುಕೊಟ್ಟರು. ಶಾರ್ಕ್ ಮೀನು ಬೇಯಿಸಿ, ಚರ್ಮ ತೆಗೆದು, ಉದುರುದುರಾಗಿ ಪುಡಿ ಮಾಡಿ, ಈರುಳ್ಳಿ ಬೆಳ್ಳುಳ್ಳಿ ಹಾಕಿ ಹುರಿದದ್ದು. ಎದೆಹಾಲಿಗೆ ಒಳ್ಳೆಯದು ಎಂದು ಇಲ್ಲಿಯವರ ನಂಬಿಕೆ.

"ಪುಟ್ಟು" ಅಂದರು ಆಕೆ. "ಹಿಟ್ಟಾ? ಇದ್ರಲ್ಲಿ ಹಿಟ್ಟೆಲ್ಲೈತೆ?" ಅಂದರು ಅಮ್ಮ. ನಮ್ಮೂರಲ್ಲಿ ಹಿಟ್ಟು ಅಂದರೆ ರಾಗಿಮುದ್ದೆ. ನಾನು ದೊಡ್ಡ ತಿಳಿದವನ ಹಾಗೆ, "ಅದು ತಮಿಳಮ್ಮ, ನಮ್ಮ ಹಿಟ್ಟಲ್ಲ" ಅಂದೆ. ಅಮ್ಮ ಕೇಳಲಿಲ್ಲ. ಮರುದಿನ ಎರಡು ಮುದ್ದೆ ಸಾರು ಒಯ್ದು "ಹಿಟ್ಟು" ಅಂತ ಕೊಟ್ಟುಬಂದರು. ಇರುವಷ್ಟು ದಿನವೂ ಇಬ್ಬರೂ ಹಾಗೇ ಮಾತಾಡಿಕೊಂಡರು.

ಮೀನಿನಲ್ಲಿ ಹಿಟ್ಟಿಲ್ಲ ನಿಜ. ಪುಟ್ಟಿನಂತೆ ಉದುರುವುದರಿಂದ ಆ ಹೆಸರು. ಆದರೆ ಪದ ಕೇಳಿ ನೆಂಟಸ್ತಿಕೆ ಗುರುತಿಸಿದ್ದು ಅಮ್ಮ, ತಪ್ಪಿದ್ದು ನಾನು. ಹೇಳೋಣವೆಂದರೆ ಈಗ ಅಮ್ಮ ಇಲ್ಲ. ಮಗಳಿಗೆ ಹೇಳಿದೆ.