ಅಮ್ಮನ ಬೆನ್ನು, ಚಿಕ್ಕಪ್ಪನ ಯೆಜ್ಡಿ ಮತ್ತು ಒಂದು ಸ್ಪ್ರಿಂಗಿನ ಕಥೆ

ಹೋದ ವರ್ಷ ಅಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿದ್ದೆ. ದೊಡ್ಡಬಳ್ಳಾಪುರ ದಾಟಿದ ಮೇಲೆ ಒಂದು ಹಂಪು. ಬಣ್ಣ ಬಳಿದಿರಲಿಲ್ಲ, ನಾನು ನೋಡಲೂ ಇಲ್ಲ. ಹಿಂದಿನ ಶಾಕಾಬ್ಸರ್ ಪೂರ್ತಿ ಕುಸಿದು 'ಠಣ್' ಅಂತು. ಅಮ್ಮ ಏನೂ ಅನ್ನಲಿಲ್ಲ. ವಾಪಸ್ ಹೊರಡುವಾಗ ಮಾತ್ರ, "ನೀನು ಹೋಗಪ್ಪ, ನಾನು ಬಸ್ಸಿಗೆ ಬರ್ತೀನಿ" ಅಂದಳು. ಅಮ್ಮನ ಬೆನ್ನುನೋವು ಹಳೆಯದು. ಟೂರಿಂಗ್ ಬೈಕು ಅಂತ ಸಾಲ ಮಾಡಿ ತಂದ ಗಾಡಿಯಲ್ಲಿ ಅಮ್ಮನೇ ಕೂರಲಾರಳು ಅಂದ್ರೆ ಏನು ಪ್ರಯೋಜನ ಹೇಳಿ...

ಆವತ್ತು ದೊಡ್ಡಬಳ್ಳಾಪುರದಲ್ಲಿ ಚಿಕ್ಕಪ್ಪನ ಮನೆಗೆ ಹೋಗಿ ಗೋಳು ತೋಡಿಕೊಂಡೆ. ಚಿಕ್ಕಪ್ಪನದು ಪವರ್‌ಲೂಮ್. ಒಂದು ಕಾಲದಲ್ಲಿ ರೇಷ್ಮೆ ಸೀರೆ ಗಂಟುಗಳನ್ನು ಯೆಜ್ಡಿಗೆ ಬಿಗಿದು ಚಿಕ್ಕಪೇಟೆಗೆ ಸಾಗಿಸುತ್ತಿದ್ದವರು. ಅವರು ನಕ್ಕರು. ಅವರ ಗಾಡಿಯ ಮುಂದಿನ ಫೋರ್ಕಿನಲ್ಲಿ ಮೆಕ್ಯಾನಿಕ್ಕು ಸ್ಪ್ರಿಂಗ್ ಮೇಲೆ ವಾಷರ್ ಜೋಡಿಸಿ, ಮಂದವಾದ ಆಯಿಲ್ ಸುರಿದಿದ್ದನಂತೆ. "ನಾನು ಎಷ್ಟು ಸೀರೆ ಹೊರ್ತೀನಿ ಅಂತ ಕಂಪನಿಯೋರಿಗೆ ಗೊತ್ತೇನೋ?" ಅಂದರು.

ಸಸ್ಪೆನ್ಶನ್ ಬದಲಾಯಿಸೋದು ನಮ್ಮ ಕಾಲದ ಶೋಕಿ ಅಂದುಕೊಂಡಿದ್ದ ನನಗೆ ಈ ಮಾತು ನಾಟಿತು. ಸರಿ, ಇತಿಹಾಸ ಕೆದಕಿದೆ.

ಶುರುವಿನ ಬೈಕುಗಳ ಹಿಂದಿನ ಚಕ್ರಕ್ಕೆ ಸ್ಪ್ರಿಂಗೇ ಇರಲಿಲ್ಲ. ಚಕ್ರ ಚಾಸಿಗೆ ಬಿಗಿ, ಸ್ಪ್ರಿಂಗ್ ಇದ್ದದ್ದು ಸೀಟಿನ ಕೆಳಗೆ, ನಮ್ಮ ಹಳೇ ಸೈಕಲ್ಲಿನ ಹಾಗೆ. (ನಮ್ಮ ಜಟಕಾ ಗಾಡಿಗೇ ಕಮಾನು ಪಟ್ಟಿ ಇತ್ತು, ಪಾಪ ಬೈಕಿಗೆ ಇರಲಿಲ್ಲ!) ಮುಂದಿನ ಚಕ್ರಕ್ಕೆ 1935ರಲ್ಲಿ ಬಿಎಂಡಬ್ಲ್ಯು ಆರ್12 ಬೈಕಿನಲ್ಲಿ ಎಣ್ಣೆಯಿಂದ ಕುಲುಕಾಟ ತಡೆಯುವ ಟೆಲಿಸ್ಕೋಪಿಕ್ ಫೋರ್ಕ್ ಬಂತು. ಅದೇ ಬೈಕಿನ ಹಿಂದಿನ ಚಕ್ರ ಮಾತ್ರ ಆಗಲೂ ಬಿಗಿಯೇ. ಹಿಂದೆ ಕೂರುವವರ ಬಗ್ಗೆ ಯೋಚಿಸೋದು ಯಾವಾಗಲೂ ತಡ.

ನಮ್ಮ ಕರ್ನಾಟಕದ ಎಳೆ ಸಿಗೋದು ಚೆಕ್ ನಾಡಿನಲ್ಲಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಪ್ರಾಗ್ ನಗರವನ್ನು ಹಿಡಿದಿದ್ದಾಗ, ಕಾಲಿಗೆ ಸ್ಪ್ರಿಂಗ್ ಕಟ್ಟಿಕೊಂಡು ಗೋಡೆ ಹಾರಿ ಮಾಯವಾಗುವ ಒಬ್ಬ ಮನುಷ್ಯನ ದಂತಕಥೆ ಅಲ್ಲಿ ಹಬ್ಬಿತ್ತು. ಅವನ ಹೆಸರು ಪೇರಾಕ್. ಯುದ್ಧ ಮುಗಿದ ಮೇಲೆ 1946ರಲ್ಲಿ ಜಾವಾ ಕಂಪನಿ ಹಿಂದಿನ ಚಕ್ರಕ್ಕೂ ಸ್ಪ್ರಿಂಗ್ ಇದ್ದ 250 ಸಿಸಿ ಬೈಕು ತಂದಾಗ ಜನ ಅದನ್ನೂ ಪೇರಾಕ್ ಅಂತಲೇ ಕರೆದರು. ಆದರೆ ಅದರಲ್ಲಿ ಆಕ್ಸಲ್ಲು ಸ್ಪ್ರಿಂಗುಗಳ ನಡುವೆ ನೆಟ್ಟಗೆ ಮೇಲೆ ಕೆಳಗೆ ಜಾರುತ್ತಿತ್ತು ಅಷ್ಟೆ, ಹೆಚ್ಚು ಜಾಗ ಇರಲಿಲ್ಲ. 1954ರಲ್ಲಿ ಬಂದ 353 ಮಾಡೆಲ್ಲಿನಲ್ಲಿ ಚಕ್ರವನ್ನು ತೂಗುವ ತೋಳಿಗೆ, ಅಂದರೆ ಸ್ವಿಂಗ್ ಆರ್ಮಿಗೆ, ಕಟ್ಟಿ ಎರಡು ಕಡೆ ಶಾಕ್ ಕೊಟ್ಟರು. ಅದಕ್ಕೆ ಚೆಕ್ಕರು ಇಟ್ಟ ಅಡ್ಡಹೆಸರು ಕೀವಾಚ್ಕಾ, ತೂಗಾಡುವಂಥದ್ದು ಅಂತ.

ಈ ತೂಗಾಡುವ ಗಾಡಿಯೇ ಮೈಸೂರಿಗೆ ಬಂದದ್ದು! ಇರಾನಿ ಕುಟುಂಬದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಯಾದವಗಿರಿಯಲ್ಲಿ ಶುರುವಾಯಿತು, ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. 1973ರಿಂದ ಜಾವಾ ಹೋಗಿ ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಬಾಗಿಲು ಮುಚ್ಚಿತು. ಅಂದರೆ ನಾನು ಕಣ್ಣು ಬಿಡುವ ಮೊದಲೇ ಎಲ್ಲ ಮುಗಿದಿತ್ತು, ಆದರೂ ನನ್ನ ಮೊದಲ ಬೈಕ್ ಸವಾರಿ ಚಿಕ್ಕಪ್ಪನ ಯೆಜ್ಡಿಯ ಟ್ಯಾಂಕಿನ ಮೇಲೆ :)

ಈಗ ಸ್ವಲ್ಪ ಎಂಜಿನಿಯರಿಂಗ್, ಸಹಿಸಿಕೊಳ್ಳಿ. ಸ್ಪ್ರಿಂಗ್ ಪೆಟ್ಟನ್ನು ನುಂಗುವುದಿಲ್ಲ, ಸಾಲ ತಗೊಂಡಂತೆ ಇಟ್ಟುಕೊಂಡು ಮತ್ತೆ ವಾಪಸ್ ಕೊಡುತ್ತೆ. ಆ ವಾಪಸ್ ಬರುವ ಒದೆತವನ್ನು ತಡೆಯೋದು ಒಳಗಿನ ಎಣ್ಣೆ. ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗುವಾಗ ಶಕ್ತಿ ಬಿಸಿಯಾಗಿ ಹೋಗುತ್ತೆ. ಕೆಟ್ಟ ರಸ್ತೆಯಲ್ಲಿ ಹೊತ್ತಾದ ಮೇಲೆ ಎಣ್ಣೆ ನೊರೆಯಾಗಿ ಹಿಡಿತ ತಪ್ಪುತ್ತೆ. ಅದಕ್ಕೇ ನೈಟ್ರೋಜನ್ ಒತ್ತಡ ಕೊಟ್ಟ ಗ್ಯಾಸ್ ಶಾಕ್ ಬಂದದ್ದು. ಬೆಲ್ಜಿಯಂನ ಲೂಸಿಯೆನ್ ಟಿಲ್ಕೆನ್ಸ್ ಎರಡರ ಬದಲು ಒಂದೇ ದೊಡ್ಡ ಶಾಕ್ ಸಾಕು ಅಂದರು, ಯಮಾಹಾ ಅದನ್ನು ಕೊಂಡಿತು. 1973ರಲ್ಲಿ ಹೋಕನ್ ಆಂಡರ್ಸನ್ ಅದೇ ಬಗೆಯ ಬೈಕಿನಲ್ಲಿ 250 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದರು. 2008ರಲ್ಲಿ ನಮ್ಮ ಬೀದಿಗಳಿಗೆ ಬಂದ ಯಮಾಹಾ ಆರ್15, ಎಫ್‌ಝಡ್ ಬೈಕುಗಳಲ್ಲೂ ಮೋನೋಶಾಕ್ ಇತ್ತು. 2016ರ ಹಿಮಾಲಯನ್ ಹಿಂದಿನ ಚಕ್ರಕ್ಕೆ 180 ಮಿ.ಮೀ. ಚಲನೆ ಕೊಟ್ಟಿತು. ಬಸ್ಸು ನಮಗಿಂತ ಮುಂದೆ ಬಿಡಿ, ಹೊಸಕೋಟೆಯ ಕಾರ್ಖಾನೆಯ ವೋಲ್ವೋ 2001ರಲ್ಲೇ ಗಾಳಿಯ ಸಸ್ಪೆನ್ಶನ್ ಮೇಲೆ ಓಡುತ್ತಿತ್ತು. ಅಮ್ಮ ಬಸ್ಸು ಕೇಳಿದ್ದರಲ್ಲಿ ತಪ್ಪೇನು?

ಮೊದಲು ನಾನು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಪ್ರೀಲೋಡ್ ತಿರುಗಿಸಿ ಕೊನೆಗೆ ತಂದೆ. ಅದರಿಂದ ಸ್ಪ್ರಿಂಗ್ ಗಟ್ಟಿಯಾಗಲ್ಲ, ಗಾಡಿ ಎತ್ತರವಾಗುತ್ತೆ ಅಷ್ಟೆ. ಆಮೇಲೆ ಟೇಪು ಹಿಡಿದು ಅಳೆದೆ. ಜನ ಕೂತಾಗ ಹಿಂಭಾಗ ಒಟ್ಟು ಚಲನೆಯ ಸುಮಾರು ಮೂರನೇ ಒಂದು ಭಾಗ ಕುಸಿಯಬೇಕು, ನಾನು, ಅಮ್ಮ, ಬ್ಯಾಗು ಸೇರಿದರೆ ಅರ್ಧಕ್ಕಿಂತ ಜಾಸ್ತಿ ಕುಸಿಯುತ್ತಿತ್ತು. ಹಂಪಿಗೆ ಉಳಿದದ್ದೇ ಅಷ್ಟು! ಗಟ್ಟಿ ಸ್ಪ್ರಿಂಗ್ ಹಾಕಿಸಿದೆ. 'ಠಣ್' ನಿಂತಿತು, ಆದರೆ ಪ್ರತಿ ಹಂಪಿನ ನಂತರ ಸೀಟು ಅಮ್ಮನನ್ನು ಮೇಲಕ್ಕೆ ಒದೆಯತೊಡಗಿತು. ಗಟ್ಟಿ ಸ್ಪ್ರಿಂಗಿನ ಒದೆತ ತಡೆಯಲು ಹಳೇ ಶಾಕಿನ ಎಣ್ಣೆ ಸಾಲದು. ಕೊನೆಗೆ ಮನಸ್ಸು ಗಟ್ಟಿ ಮಾಡಿ ರೀಬೌಂಡ್ ತಿರುಗಿಸಬಲ್ಲ ಶಾಕ್ ತಂದೆ. ಒಂದೊಂದೇ ಕ್ಲಿಕ್ ತಿರುಗಿಸಿ, ಅದೇ ಹಂಪಿನ ಮೇಲೆ ಅಕ್ಕಿಮೂಟೆ ಕಟ್ಟಿಕೊಂಡು ಹತ್ತಾರು ಸಲ ಓಡಾಡಿದೆ. ಟೀ ಅಂಗಡಿಯವರು ನನ್ನನ್ನು ಹುಚ್ಚ ಅಂದುಕೊಂಡಿರಬೇಕು.

ಮೊನ್ನೆ ಮತ್ತೆ ಘಾಟಿಗೆ ಹೋದೆವು. ಆ ಹಂಪಿನ ಮೇಲೆ ನಾನು ಉಸಿರು ಬಿಗಿ ಹಿಡಿದಿದ್ದೆ. ಅಮ್ಮ ಹಿಂದಿನಿಂದ ಯಾರದೋ ಮದುವೆ ಸುದ್ದಿ ಹೇಳುತ್ತಿದ್ದಳು, ಮಾತು ನಿಲ್ಲಲಿಲ್ಲ.

ಬರುವಾಗ ಚಿಕ್ಕಪ್ಪ ಅಂಗೈಯಿಂದ ಸೀಟು ಎರಡು ಸಲ ಒತ್ತಿ ನೋಡಿ, ಎಷ್ಟಾಯ್ತು ಅಂತ ಕೇಳಿದರು. ಹೇಳಿದೆ. "ಅಷ್ಟಕ್ಕೆ ಆಗ ಎರಡು ಯೆಜ್ಡಿ ಬರ್ತಿತ್ತಲ್ಲೋ!" ಅಂದು ಒಳಗೆ ಹೋದರು. ಅಮ್ಮ ಮಾತ್ರ ಶಿವಗಂಗೆಗೆ ಯಾವ ಭಾನುವಾರ ಅಂತ ಕೇಳ್ತಿದ್ದಾಳೆ.