ಕಂದಕದಲ್ಲಿ ಹುಟ್ಟಿದ ಕಾವ್ಯ

1915ರ ಮೇ ತಿಂಗಳಲ್ಲಿ ಇಟಲಿ ಮಹಾಯುದ್ಧಕ್ಕೆ ಇಳಿಯಿತು. ರೋಮ್ ನಗರದಲ್ಲಿ ಆಗಿನ ಹೆಸರಾಂತ ಕವಿ ಗೇಬ್ರಿಯೆಲೆ ದನುಂಜಿಯೊನ ವೀರಾವೇಶದ ಭಾಷಣಗಳು ಮೊಳಗಿದವು, ಜನಸಾಗರ ಜಯಕಾರ ಹಾಕಿತು. ಆ ಯುದ್ಧದ ದಿಟವನ್ನು ನುಡಿದ ಕಾವ್ಯ ಮಾತ್ರ ಯಾವ ವೇದಿಕೆಯ ಮೇಲೂ ಹುಟ್ಟಲಿಲ್ಲ. ಒಬ್ಬ ಸಾಮಾನ್ಯ ಸಿಪಾಯಿಯ ಹೆಗಲಚೀಲದಲ್ಲಿ ಹುಟ್ಟಿತು.

ಆ ಸಿಪಾಯಿಯ ಹೆಸರು ಜುಸೆಪ್ಪೆ ಉಂಗರೆತ್ತಿ. ಹುಟ್ಟಿದ್ದು 1888ರಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ. ಲುಕ್ಕಾ ಸೀಮೆಯಿಂದ ಹೊಟ್ಟೆಪಾಡಿಗೆಂದು ಬಂದಿದ್ದ ತಂದೆ ಸೂಯೆಜ್ ಕಾಲುವೆಯಲ್ಲಿ ದುಡಿದು, ಮಗನಿಗೆ ಎರಡು ವರ್ಷವಾಗಿದ್ದಾಗ ತೀರಿಕೊಂಡ. ತಾಯಿ ಊರಂಚಿನಲ್ಲಿ ಬ್ರೆಡ್ಡಿನ ಭಟ್ಟಿ ನಡೆಸಿ ಮಕ್ಕಳನ್ನು ಸಾಕಿದಳು. 1912ರಲ್ಲಿ ಉಂಗರೆತ್ತಿ ಓದಲು ಪ್ಯಾರಿಸ್ಸಿಗೆ ಹೋದ. ಅಲೆಕ್ಸಾಂಡ್ರಿಯದ ಸಹಪಾಠಿ ಮೊಹಮ್ಮದ್ ಶೆಯಾಬ್ ಅಲ್ಲಿ ಅದೇ ವಸತಿಗೃಹದಲ್ಲಿದ್ದ. ಮಾರ್ಸೆಲ್ ಎಂದು ಹೆಸರು ಬದಲಿಸಿಕೊಂಡರೂ ಫ್ರೆಂಚನಾಗಲಿಲ್ಲ, ಬಿಟ್ಟುಬಂದ ನೆಲಕ್ಕೂ ಸಲ್ಲಲಿಲ್ಲ. 1913ರಲ್ಲಿ ಅವನು ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ. ಮುಂದೆ ಉಂಗರೆತ್ತಿಯ ಮೊದಲ ಸಂಕಲನದ ಬಾಗಿಲಲ್ಲಿ ನಿಂತ ಕವಿತೆ ಈ ಗೆಳೆಯನನ್ನು ಕುರಿತದ್ದೇ.

ಯುದ್ಧ ಉಂಗರೆತ್ತಿಯನ್ನು ಇಸೊಂಟ್ಸೊ ನದಿಯಾಚೆಯ ಕಾರ್ಸೊ ಪ್ರಸ್ಥಭೂಮಿಗೆ ಒಯ್ದಿತು. ಅದು ಸುಣ್ಣಕಲ್ಲಿನ ಬೋಳು ನೆಲ. ಬಿದ್ದ ಮಳೆ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಕುಡಿಯುವ ನೀರಿಗೂ ಬರ. ಕಂದಕ ತೋಡಲು ಬಂಡೆಯನ್ನೇ ಒಡೆಯಬೇಕು. ಶೆಲ್ ಸಿಡಿದರೆ ಲೋಹದ ಜೊತೆ ಕಲ್ಲಿನ ಚೂರುಗಳೂ ಮೈಗೆ ನಾಟುತ್ತಿದ್ದವು. ಇಸೊಂಟ್ಸೊ ತೀರದಲ್ಲಿ ಇಟಲಿಯ ಸೇನೆ ಸುಮಾರು ಎರಡೂಕಾಲು ವರ್ಷದಲ್ಲಿ ಹನ್ನೊಂದು ಬಾರಿ ದಾಳಿಗೆ ನುಗ್ಗಿತು. ಕೇವಲ 275 ಮೀಟರ್ ಎತ್ತರದ ಸಾನ್ ಮಿಕೆಲೆ ಗುಡ್ಡಕ್ಕಾಗಿ ಸಾವಿರಾರು ಮಂದಿ ಮಡಿದರು.

1915ರ ಡಿಸೆಂಬರ್ 23ರ ದಿನಾಂಕ ಹೊತ್ತ ಕವಿತೆಯೊಂದಿದೆ. ಛಿದ್ರಗೊಂಡ ಸಂಗಾತಿಯ ಹೆಣದ ಪಕ್ಕದಲ್ಲಿ ಇಡೀ ರಾತ್ರಿ ಕಳೆದವನು ಅಲ್ಲಿ ಶತ್ರುವನ್ನು ಶಪಿಸುವುದಿಲ್ಲ, ದೇಶವನ್ನು ಹೊಗಳುವುದಿಲ್ಲ. ಬದುಕಿನ ಮೇಲೆ ತನಗುಕ್ಕಿದ ಪ್ರೀತಿಯನ್ನು ಹೇಳುತ್ತಾನೆ. ಹೀಗೆ ಸಿಕ್ಕಸಿಕ್ಕ ಕಾಗದದ ಚೂರುಗಳಲ್ಲಿ ಕವಿತೆ ಬೆಳೆಯಿತು. ವಿರಾಮಚಿಹ್ನೆ ಉದುರಿತು, ಛಂದಸ್ಸು ಮುರಿಯಿತು, ಸಾಲೊಂದಕ್ಕೆ ಕೆಲವೊಮ್ಮೆ ಒಂದೇ ಪದ ಉಳಿಯಿತು. ಪ್ರತಿ ಕವಿತೆಗೂ ಊರು, ತಾರೀಖು ಬರೆದಿಟ್ಟ. ನಾಳೆ ಬೆಳಗ್ಗೆ ತಾನಿರುವ ಭರವಸೆ ಯಾರಿಗಿತ್ತು? ಎತ್ತೊರೆ ಸೆರ್ರಾ ಎಂಬ ಯುವ ಲೆಫ್ಟಿನೆಂಟ್ ಆ ಚೂರುಗಳನ್ನು ಜೋಡಿಸಿ, 1916ರ ಡಿಸೆಂಬರಿನಲ್ಲಿ ಉದಿನೆ ಪಟ್ಟಣದಲ್ಲಿ ಅಚ್ಚು ಹಾಕಿಸಿದ. 'ಇಲ್ ಪೋರ್ತೊ ಸೆಪೊಲ್ತೊ' ಎಂಬ ಆ ಪುಸ್ತಕದ ಪ್ರತಿಗಳು ಕೇವಲ 80. ಇಟಲಿಯ ಆಧುನಿಕ ಕಾವ್ಯದ ಗತಿ ಬದಲಿಸಲು ಅಷ್ಟೇ ಸಾಕಾಯಿತು.

ಈ ಕವಿಯ ಬಾಳಿನ ಕಳಂಕವನ್ನೂ ಚರಿತ್ರೆ ದಾಖಲಿಸಬೇಕು. ಅವನು ಫ್ಯಾಸಿಸಂ ಅನ್ನು ಬೆಂಬಲಿಸಿದ; ಅದೇ ಪುಸ್ತಕದ 1923ರ ಆವೃತ್ತಿಗೆ ಮುಸ್ಸೊಲಿನಿಯ ಮುನ್ನುಡಿಯಿತ್ತು. ಮನುಷ್ಯನ ನೋವನ್ನು ಅಷ್ಟು ಹತ್ತಿರದಿಂದ ಕಂಡವನು ಅಂಥ ಅಧಿಕಾರಕ್ಕೆ ತಲೆಬಾಗಿದ್ದು ಓದುಗರಿಗೆ ಇಂದಿಗೂ ನೋವಿನ ಸಂಗತಿ.

ಮುಂದೆ ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ. 1939ರಲ್ಲಿ, ಅಪೆಂಡಿಸೈಟಿಸ್‌ಗೆ ಸರಿಯಾದ ಚಿಕಿತ್ಸೆ ಸಿಗದೆ ಒಂಬತ್ತು ವರ್ಷದ ಮಗ ಅಂತೊನಿಯೆತ್ತೊ ತೀರಿಕೊಂಡ. 1942ರಲ್ಲಿ ರೋಮ್‌ಗೆ ಮರಳಿದವನು, ಮರುವರ್ಷ ಆ ನಗರ ಜರ್ಮನ್ ಸೇನೆಯ ವಶವಾದುದನ್ನು ಕಂಡ. ಮಗನ ಶೋಕವೂ ನಾಡಿನ ಶೋಕವೂ 1947ರ 'ಇಲ್ ದೊಲೋರೆ' ಸಂಕಲನದಲ್ಲಿ ಒಂದಾದವು.

1970ರ ಜೂನ್‌ನಲ್ಲಿ ಉಂಗರೆತ್ತಿ ಮಿಲಾನ್‌ನಲ್ಲಿ ಕಣ್ಮುಚ್ಚಿದ. ಗೆಳೆಯ, ಸಂಗಾತಿ ಸೈನಿಕ, ಹೆತ್ತ ಮಗ, ಯಾರ ಸಾವನ್ನೂ ಅವನು ಅಲಂಕರಿಸಲಿಲ್ಲ. ಯುದ್ಧಕ್ಕೆ ಹುರಿದುಂಬಿಸುವ ಮಾತು ಎಲ್ಲ ಕಾಲದಲ್ಲೂ ಧಾರಾಳವಾಗಿ ಸಿಗುತ್ತದೆ. ಯುದ್ಧದಲ್ಲಿ ಸತ್ತವರ ಪಕ್ಕ ಕೂತು ಬರೆದ ಮಾತು ಅಪರೂಪ. ನಂಬಬೇಕಾದದ್ದು ಎರಡನೆಯದನ್ನು.